ಕೈಯಾರೆ ಕಟ್ಟುವ ಮರದ ತೇಲುಹಲಗೆ

ನೀರಿನ ಮೇಲೆ ಉದ್ದನೆಯ ಹಲಗೆಯೊಂದನ್ನು ತೇಲಿಬಿಟ್ಟು, ಅದರ ಮೇಲೆ ನೆಟ್ಟಗೆ ನಿಂತು, ನೀಳವಾದ ಒಂದೇ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುವ ಕ್ರೀಡೆಯು ಇಂದು ಜಗತ್ತಿನ ಹಲವು ದೇಶಗಳ ನದಿ, ಸರೋವರ, ಕಡಲತೀರಗಳಲ್ಲಿ ಬಳಕೆಗೆ ಬಂದಿದೆ. ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಎಂದು ಕರೆಯಲಾಗುವ ಈ ಹಲಗೆಯು ನಮ್ಮ ಕರಾವಳಿಗೂ ಅಪರಿಚಿತವಾಗಿ ಉಳಿದಿಲ್ಲ. ಮೂಲ್ಕಿಯ ಶಾಂಭವಿ ನದಿಯ ಹಿನ್ನೀರಿನಲ್ಲಿ ಇದನ್ನು ಕಲಿಯುವ ತರುಣ ತರುಣಿಯರಿದ್ದಾರೆ. ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಅಲೆಸವಾರಿಯ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದಿವೆ.

ಅಂಗಡಿಯಲ್ಲಿ ಸಿಗುವ ಹಲಗೆಗಳು ಬಹುಮಟ್ಟಿಗೆ ಫೋಮ್‌ನಿಂದ ಮಾಡಿದವು ಅಥವಾ ಗಾಳಿ ತುಂಬಿ ಉಬ್ಬಿಸುವಂಥವು. ಆದರೆ ಮರದಿಂದ, ಒಳಗೆ ಟೊಳ್ಳಾಗಿ, ನಮ್ಮ ಕೈಯಿಂದಲೇ ಇಂಥದೊಂದು ಹಲಗೆಯನ್ನು ಕಟ್ಟಿಕೊಳ್ಳುವುದು ಸಾಧ್ಯವಿದೆ. ಕೌಶಲಕ್ಕಿಂತಲೂ ಹೆಚ್ಚಾಗಿ ತಾಳ್ಮೆಯನ್ನು ಬೇಡುವ ಕೆಲಸವಿದು. ಈ ಹಲಗೆಯ ಇತಿಹಾಸದಲ್ಲಿ ಆಟವೊಂದೇ ಇಲ್ಲ, ಜೀವರಕ್ಷಣೆಯ ಅಧ್ಯಾಯವೂ ಇದೆ. ಆದ್ದರಿಂದ ಅದನ್ನು ಕಟ್ಟುವ ವಿಧಾನವನ್ನು ತಿಳಿಯುವ ಮೊದಲು ಅದರ ಹಿನ್ನೆಲೆಯನ್ನು ಅರಿಯುವುದು ಉಚಿತ.

ಹವಾಯಿಯ ಮರಗಳು

ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳ ಮೂಲನಿವಾಸಿಗಳು ಮರದ ಹಲಗೆಗಳ ಮೇಲೆ ಅಲೆಸವಾರಿ ಮಾಡುವುದರಲ್ಲಿ ನಿಪುಣರಾಗಿದ್ದರು. ಹಲಗೆಗೆಂದು ಮರವನ್ನು ಕಡಿಯುವಾಗ ಅದರ ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನು ಕಾಣಿಕೆಯಾಗಿ ಇರಿಸುವ ಸಂಪ್ರದಾಯ ಅವರಲ್ಲಿತ್ತು. ಕಡಿದ ದಿಮ್ಮಿಯನ್ನು ಕಲ್ಲಿನ ಬಾಚಿಯಿಂದ ಕೆತ್ತಿ, ಒರಟು ಹವಳದಿಂದಲೂ ಕಲ್ಲಿನಿಂದಲೂ ಉಜ್ಜಿ ನುಣುಪಾಗಿಸುತ್ತಿದ್ದರು. ಅವರು ಬಳಸುತ್ತಿದ್ದ ಮರಗಳಲ್ಲಿ ಮುಖ್ಯವಾದವು ಮೂರು: ಕೊಆ, ಉಲು ಮತ್ತು ವಿಲಿವಿಲಿ. ಉಲು ಎಂದರೆ ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಜೀಗುಜ್ಜೆಯೇ. ಅತ್ಯಂತ ಹಗುರವಾದ ವಿಲಿವಿಲಿಯು ಬೇಲಿಗೂ ಕಾಳುಮೆಣಸಿನ ಬಳ್ಳಿಯ ಆಸರೆಗೂ ನಾವು ನೆಡುವ ಹಾಲುವಾಣದ ಕುಲಕ್ಕೆ ಸೇರಿದ್ದು.

ಸಾಮಾನ್ಯರ ಹಲಗೆಗೆ ಅಲಾಯಾ ಎಂದೂ, ಅರಸು ಮನೆತನದವರ ಭಾರಿ ಹಲಗೆಗೆ ಓಲೊ ಎಂದೂ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಅಬ್ನರ್ ಪಾಕಿ ಎಂಬ ನಾಯಕನ ಓಲೊ ಹಲಗೆಗಳು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಉಳಿದುಬಂದಿವೆ. (ಹೆಸರನ್ನು ಕೇಳಿ ಇದು ಧರ್ಮಾಧ್ಯಕ್ಷರ ಸಂಗ್ರಹಾಲಯವೆಂದು ಭಾವಿಸಬೇಕಾಗಿಲ್ಲ, ಪಾಕಿಯ ಮಗಳ ನೆನಪಿಗಾಗಿ ಆಕೆಯ ಪತಿ ಚಾರ್ಲ್ಸ್ ರೀಡ್ ಬಿಷಪ್ 1889ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು.) ಹದಿನೈದು ಅಡಿ ಮೀರಿದ ಆ ಗಟ್ಟಿ ಮರದ ಹಲಗೆಗಳು ಒಬ್ಬ ವಯಸ್ಕ ಮನುಷ್ಯನಷ್ಟು ಭಾರವಾಗಿದ್ದವು. ಹೊರಗಿನಿಂದ ಬಂದ ರೋಗಗಳಿಂದ ದ್ವೀಪವಾಸಿಗಳ ಸಂಖ್ಯೆಯೇ ಕುಸಿದು, ಹಳೆಯ ಜೀವನಕ್ರಮವೂ ಮುರಿದುಬಿದ್ದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ವಿದ್ಯೆ ನಶಿಸುವ ಅಂಚಿಗೆ ಬಂದಿತ್ತು.

ಎಂಟು ಜೀವಗಳು

ಅದನ್ನು ಮತ್ತೆ ಜಗತ್ತಿಗೆ ಪರಿಚಯಿಸಿದವರಲ್ಲಿ ಅಗ್ರಗಣ್ಯರು ಡ್ಯೂಕ್ ಕಹಾನಮೊಕು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ವೀರರವರು. 1925ರ ಜೂನ್ 14ರಂದು ಕ್ಯಾಲಿಫೋರ್ನಿಯಾದ ಕೊರೋನಾ ದೆಲ್ ಮಾರ್ ಬಳಿ, ಬಂದರಿನ ಬಾಯಿಯಲ್ಲಿ ಎದ್ದ ಭಾರಿ ಅಲೆಗಳಿಗೆ ಸಿಕ್ಕಿ ಥೆಲ್ಮಾ ಎಂಬ ದೋಣಿ ಮಗುಚಿತು. ದೋಣಿಯಲ್ಲಿದ್ದವರು 29 ಮಂದಿ. ದಡದಲ್ಲಿದ್ದ ಡ್ಯೂಕ್ ತಮ್ಮ ಮರದ ಹಲಗೆಯೊಡನೆ ಅಲೆಗಳಿಗೆ ಇಳಿದು, ಮರಳಿ ಮರಳಿ ಹೋಗಿ, ಮುಳುಗುತ್ತಿದ್ದವರನ್ನು ಹಲಗೆಗೆ ಆತುಕೊಳ್ಳುವಂತೆ ಮಾಡಿ ದಡಕ್ಕೆ ತಂದರು. ಅಂದು 17 ಮಂದಿ ಪ್ರಾಣ ಕಳೆದುಕೊಂಡರು. ಬದುಕುಳಿದ 12 ಮಂದಿಯಲ್ಲಿ 8 ಮಂದಿಯನ್ನು ಉಳಿಸಿದ್ದು ಅವರೊಬ್ಬರ ಹಲಗೆ. ಆಟದ ವಸ್ತುವೆಂದು ತಿಳಿದಿದ್ದ ಹಲಗೆಯು ಜೀವರಕ್ಷಕರ ಉಪಕರಣವೂ ಆಗಬಲ್ಲದೆಂಬುದನ್ನು ಆ ಘಟನೆ ಜನಕ್ಕೆ ಮನಗಾಣಿಸಿತು.

ಭಾರದ ಸಮಸ್ಯೆಯನ್ನು ಪರಿಹರಿಸಿದವರು ಅಮೆರಿಕದ ಟಾಮ್ ಬ್ಲೇಕ್. 1920ರ ದಶಕದಲ್ಲಿ ಹವಾಯಿಗೆ ಬಂದ ಅವರು ಬಿಷಪ್ ಮ್ಯೂಸಿಯಂನ ಪುರಾತನ ಹಲಗೆಗಳನ್ನು ದುರಸ್ತಿಗೊಳಿಸಿ, ಅವುಗಳ ಪ್ರತಿರೂಪವನ್ನು ತಯಾರಿಸಿದರು. ಮೊದಲು ಗಟ್ಟಿ ಹಲಗೆಯಲ್ಲಿ ನೂರಾರು ರಂಧ್ರ ಕೊರೆದು, ಮೇಲೆ ತೆಳುಮರದ ಹೊದಿಕೆ ಹಾಕಿ ಭಾರವನ್ನು ಇಳಿಸಿದರು. ಮುಂದೆ ದೋಣಿಗಿರುವಂತೆ ಪಕ್ಕೆಲುಬುಗಳನ್ನಿಟ್ಟು ಪೂರ್ತಿ ಟೊಳ್ಳು ಹಲಗೆಯನ್ನೇ ಕಟ್ಟಿದರು. 1932ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1935ರಲ್ಲಿ ಹಲಗೆಯ ಅಡಿಗೆ ರೆಕ್ಕೆಯನ್ನು ಜೋಡಿಸಿ, ಅದು ಅಡ್ಡಡ್ಡ ಜಾರದಂತೆ ಮಾಡಿದವರೂ ಅವರೇ. ಜೀವರಕ್ಷಕ ದಳಗಳು ಈ ಟೊಳ್ಳು ಹಲಗೆಯನ್ನು ಸ್ವೀಕರಿಸಿದವು. 1937ರಲ್ಲಿ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯು ಅದರ ನಕ್ಷೆಯನ್ನು ಪ್ರಕಟಿಸಿದಾಗ, ಸಾಮಾನ್ಯ ಮನೆಯ ಹುಡುಗರೂ ಹಿತ್ತಲಿನಲ್ಲಿ ಕುಳಿತು ಹಲಗೆ ಕಟ್ಟುವಂತಾಯಿತು.

1950ರ ದಶಕದ ಕೊನೆಗೆ ಫೋಮ್ ಬಂದು ಮರವನ್ನು ಬದಿಗೆ ಸರಿಸಿತು. 2005ರ ಡಿಸೆಂಬರ್‌ನಲ್ಲಿ ಅಮೆರಿಕದ ಬಹುದೊಡ್ಡ ಫೋಮ್ ತಯಾರಕ ಸಂಸ್ಥೆಯಾಗಿದ್ದ ಕ್ಲಾರ್ಕ್ ಫೋಮ್ ಇದ್ದಕ್ಕಿದ್ದಂತೆ ಮುಚ್ಚಿದಾಗ, ಅನೇಕರ ದೃಷ್ಟಿ ಮರಳಿ ಮರದತ್ತ ಹೊರಳಿತು. ಸುಮಾರು 2000ದ ಆಸುಪಾಸಿನಲ್ಲಿ ಹವಾಯಿಯ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಮೊದಲಾದವರು ನಿಂತು ಹುಟ್ಟು ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದರು. ಉದ್ದವೂ ದಪ್ಪವೂ ಆದ ಅವರ ಹಲಗೆಗೆ ಬ್ಲೇಕ್ ಅವರ ಟೊಳ್ಳು ವಿಧಾನವು ಅಚ್ಚುಕಟ್ಟಾಗಿ ಒಗ್ಗಿತು.

ಲೆಕ್ಕಾಚಾರ ಮೊದಲು

ಮರವನ್ನು ಕೊಯ್ಯುವ ಮುನ್ನ ಕಾಗದ ಪೆನ್ಸಿಲು ಹಿಡಿಯಬೇಕು. ತೇಲುವ ವಸ್ತುವು ತಾನು ಬದಿಗೆ ಸರಿಸಿದ ನೀರಿನಷ್ಟೇ ಭಾರವನ್ನು ಹೊರಬಲ್ಲದೆಂಬ ಆರ್ಕಿಮಿಡೀಸನ ನಿಯಮವನ್ನು ನಾವು ಶಾಲೆಯಲ್ಲಿ ಕಲಿತವರೇ. ಒಂದು ಲೀಟರ್ ಗಾತ್ರಕ್ಕೆ ಸುಮಾರು ಒಂದು ಕಿಲೋ ಎಂದು ಇಟ್ಟುಕೊಳ್ಳೋಣ. 12 ಅಡಿ ಉದ್ದ (366 ಸೆಂ.ಮೀ.), 30 ಅಂಗುಲ ಅಗಲ (76 ಸೆಂ.ಮೀ.), ನಾಲ್ಕೂವರೆ ಅಂಗುಲ ದಪ್ಪ (11.5 ಸೆಂ.ಮೀ.) ಇರುವ ಹಲಗೆಯು ಚೌಕನೆಯ ಪೆಟ್ಟಿಗೆಯಾಗಿದ್ದರೆ ಅದರ ಗಾತ್ರ ಸುಮಾರು 320 ಲೀಟರ್. ಎರಡೂ ತುದಿಗಳು ಚೂಪಾಗಿ ಅಂಚುಗಳು ಉರುಟಾಗುವುದರಿಂದ ಅದರ ಹತ್ತರಲ್ಲಿ ಏಳು ಪಾಲು ಉಳಿಯುವುದೆಂದು ಹಿಡಿದರೂ 220 ಲೀಟರ್ ದೊರೆಯುತ್ತದೆ. ಹಲಗೆಯ ಭಾರ 18 ಕಿಲೋ, ನಿಲ್ಲುವವನ ಭಾರ 80 ಕಿಲೋ ಆದರೆ ಒಟ್ಟು 98. ಅರ್ಧಕ್ಕಿಂತಲೂ ಹೆಚ್ಚು ಗಾತ್ರ ನೀರಿನ ಮೇಲೆಯೇ ಉಳಿಯುವುದರಿಂದ ಹೊಸಬನಿಗೂ ನಿಲುವು ಭದ್ರ.

ಮರದ ಆಯ್ಕೆಯಲ್ಲೂ ಲೆಕ್ಕವುಂಟು. ಇಂಥ ಹಲಗೆಯ ಹೊರಮೈ ಸುಮಾರು 5 ಚದರ ಮೀಟರ್. 6 ಮಿ.ಮೀ. ದಪ್ಪದ ಪಟ್ಟಿಗಳನ್ನು ಹೊದಿಸಿದರೆ, ಅಮೆರಿಕದವರು ಮೆಚ್ಚುವ ಹಗುರ ಸೀಡರ್ ಮರವಾದಲ್ಲಿ 11 ಕಿಲೋ ತೂಗುತ್ತದೆ. ಸಾಗುವಾನಿಯಾದಲ್ಲಿ 19 ಕಿಲೋ ದಾಟುತ್ತದೆ. ನಮ್ಮ ಕರಾವಳಿಯ ದೋಣಿ ಕಟ್ಟುವವರು ನೆಚ್ಚುವ ಹೆಬ್ಬಲಸು ನೀರಿಗೆ ಗಟ್ಟಿ, ಆದರೆ ಅದೂ ಭಾರದ ಗುಂಪಿಗೇ ಸೇರಿದ್ದು. ಆದ್ದರಿಂದ ಅಂಚಿಗೂ ನಡುವಿನ ಅಲಂಕಾರದ ಪಟ್ಟಿಗೂ ಮಾತ್ರ ಗಟ್ಟಿ ಮರವನ್ನು ಇಟ್ಟು, ಉಳಿದುದಕ್ಕೆ ಹಗುರವಾದ, ಗಂಟಿಲ್ಲದ, ಚೆನ್ನಾಗಿ ಒಣಗಿದ ಮರವನ್ನು ಆರಿಸುವುದು ಜಾಣತನ. ಒಳಗಿನ ಅಸ್ಥಿಪಂಜರಕ್ಕೆ ಐ.ಎಸ್. 710 ಎಂಬ ಮುದ್ರೆಯುಳ್ಳ ಮೆರೈನ್ ಪ್ಲೈವುಡ್ ತಕ್ಕುದು. ಸಾಧಾರಣ ಪ್ಲೈವುಡ್ಡಿನ ಪದರಗಳು ಒಮ್ಮೆ ನೀರು ಹೊಕ್ಕರೆ ಬಿಚ್ಚಿಕೊಳ್ಳುತ್ತವೆ.

ಬೆನ್ನೆಲುಬು, ಪಕ್ಕೆಲುಬು

ಹಲಗೆಯ ನಡುವೆ ತುದಿಯಿಂದ ತುದಿಯವರೆಗೆ ಹಾಯುವ ಪ್ಲೈವುಡ್ಡಿನ ಉದ್ದ ಪಟ್ಟಿಯೇ ಬೆನ್ನೆಲುಬು. ಹಲಗೆಯ ಬಾಗು ಅದರಲ್ಲೇ ಅಡಗಿದೆ. ನಡುಭಾಗ ಹೆಚ್ಚುಕಡಿಮೆ ಸಮವಾಗಿದ್ದು, ಮೂತಿ ಮೇಲಕ್ಕೇರಿ, ಬಾಲ ತುಸು ಎತ್ತಿರಬೇಕು. ಮೂತಿ ಏರದಿದ್ದರೆ ಹಲಗೆಯು ಸಣ್ಣ ಅಲೆಗೂ ತಲೆಯಿಟ್ಟು ನೀರೊಳಗೆ ಹೊಗುತ್ತದೆ. ಬೆನ್ನೆಲುಬಿಗೆ ಒಂದೊಂದು ಅಡಿಗೂ ಅಡ್ಡಲಾಗಿ ಪಕ್ಕೆಲುಬುಗಳನ್ನು ಕಚ್ಚು ಹಾಕಿ ಕೂಡಿಸಬೇಕು. ಪ್ರತಿ ಪಕ್ಕೆಲುಬಿನಲ್ಲೂ ದೊಡ್ಡ ರಂಧ್ರಗಳನ್ನು ಕೊರೆಯಬೇಕು. ಇದರಿಂದ ಭಾರ ಇಳಿಯುವುದಲ್ಲದೆ, ಒಳಗಿನ ಗಾಳಿಯು ಒಂದು ಕೋಣೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯುತ್ತದೆ. ಇದರ ಮಹತ್ವವನ್ನು ಮುಂದೆ ನೋಡುವೆವು.

ಸಮಮಟ್ಟದ ಉದ್ದನೆಯ ಮೇಜಿನ ಮೇಲೆ ಈ ಅಸ್ಥಿಪಂಜರವನ್ನು ನಿಲ್ಲಿಸಿ, ದಾರ ಕಟ್ಟಿ ನೇರವಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲಿ ಬಿದ್ದ ತಿರುಚು ಕೊನೆಯವರೆಗೂ ಉಳಿಯುತ್ತದೆ. ತಿರುಚಿದ ಹಲಗೆ ನೀರಿನಲ್ಲಿ ಒಂದೇ ಬದಿಗೆ ಎಳೆಯುತ್ತದೆ. ಬಳಿಕ ಸುಮಾರು 20 ಮಿ.ಮೀ. ಅಗಲದ ಪಟ್ಟಿಗಳನ್ನು ನಡುವಿನಿಂದ ಅಂಚಿನ ಕಡೆಗೆ ಒಂದರ ಪಕ್ಕ ಒಂದರಂತೆ, ನೀರು ತಡೆಯುವ ಅಂಟಿನಿಂದ ಕೂಡಿಸುತ್ತ ಹೋಗಬೇಕು. ಕ್ಲ್ಯಾಂಪುಗಳು ಸಾಲದಾದಾಗ ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಕತ್ತರಿಸಿ ಸುತ್ತಿದರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಪಟ್ಟಿಗಳಿಗಿಂತ ಹೆಚ್ಚು ಕೂಡಿಸಲು ಅವಸರಪಡಬಾರದು.

ಮೊದಲು ತಳಭಾಗ, ಬಳಿಕ ಅಂಚು, ಕೊನೆಗೆ ಮೇಲ್ಭಾಗ. ಮೇಲ್ಭಾಗವನ್ನು ಮುಚ್ಚುವುದೆಂದರೆ ಶಾಶ್ವತವಾಗಿ ಬಾಗಿಲು ಹಾಕಿದಂತೆ. ಆದುದರಿಂದ ಒಳಮೈಗೆಲ್ಲ ಎಪಾಕ್ಸಿ ಬಳಿದಿದೆಯೇ, ರೆಕ್ಕೆ ಕೂರುವಲ್ಲಿ, ಎತ್ತುವ ಹಿಡಿಯಿರುವಲ್ಲಿ, ಕಾಲಿನ ಹಗ್ಗ ಕಟ್ಟುವಲ್ಲಿ ಹಾಗೂ ಗಾಳಿತಿರುಪು ಇರುವಲ್ಲಿ ಗಟ್ಟಿ ಮರದ ತುಂಡುಗಳನ್ನು ಒಳಗಿನಿಂದ ಕೂಡಿಸಿದೆಯೇ ಎಂದು ಎರಡೆರಡು ಬಾರಿ ನೋಡಿಕೊಳ್ಳಬೇಕು.

ಎಪಾಕ್ಸಿ ಎಂಬ ಕವಚ

ಕೀಸುಳಿಯಿಂದ ಕೀಸಿ, ಒರಟು ಉಪ್ಪುಕಾಗದದಿಂದ ಆರಂಭಿಸಿ ನಯವಾದುದರವರೆಗೆ ಉಜ್ಜಿದ ಮೇಲೆ, ಹಲಗೆಗೆ ತೆಳುವಾದ ಫೈಬರ್ ಗ್ಲಾಸ್ ಬಟ್ಟೆಯನ್ನು ಹೊದಿಸಿ ಎಪಾಕ್ಸಿಯಿಂದ ನೆನೆಸಬೇಕು. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಸಾಕು. ನೆಂದಾಗ ಅದು ಪಾರದರ್ಶಕವಾಗಿ, ಮರದ ಎಳೆಗಳು ಹಿಂದೆಂದಿಗಿಂತಲೂ ಸ್ಪಷ್ಟವಾಗಿ ಕಾಣುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಎಪಾಕ್ಸಿಗೆ ಗಟ್ಟಿಕಾರಕವನ್ನು ತಯಾರಕರು ತಿಳಿಸಿದ ಅಳತೆಯಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದು. ದೊಡ್ಡ ಪಾತ್ರೆಯಲ್ಲಿ ಒಮ್ಮೆಲೇ ಹೆಚ್ಚು ಕಲಸಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ಎರಡನೆಯದು, ಈ ಕೆಲಸವನ್ನು ಬೆಳಗಿನ ಏರುಬಿಸಿಲಿನಲ್ಲಿ ಮಾಡದೆ, ಮಧ್ಯಾಹ್ನ ಕಳೆದು ತಾಪ ಇಳಿಯತೊಡಗಿದಾಗ ಮಾಡಬೇಕು. ಬಿಸಿಯೇರುವಾಗ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಎಪಾಕ್ಸಿಯಲ್ಲಿ ಗುಳ್ಳೆಗಳೇಳುತ್ತವೆ. ತಂಪೇರುವಾಗ ಮರವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಮಳೆಗಾಲದ ತೇವವೂ ಇದಕ್ಕೆ ಹಗೆಯಾದುದರಿಂದ, ದೀಪಾವಳಿಯ ನಂತರದ ಒಣ ತಿಂಗಳುಗಳು ಪ್ರಶಸ್ತ. ಮೂರನೆಯದು ಆರೋಗ್ಯದ ಮಾತು. ಎಪಾಕ್ಸಿ ಬರಿಗೈಗೆ ಪದೇ ಪದೇ ತಗಲಿದರೆ ಕೆಲವರಿಗೆ ಬಿಡದ ಚರ್ಮದ ಅಲರ್ಜಿ ಅಂಟಿಕೊಳ್ಳುತ್ತದೆ. ಉಜ್ಜುವಾಗ ಏಳುವ ಮರದ ಮತ್ತು ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ಕೈಗವಸು, ಮುಖಕವಚ, ಗಾಳಿಯಾಡುವ ಜಾಗ ಇವು ಮೂರೂ ಇಲ್ಲದೆ ಕೆಲಸಕ್ಕೆ ಕೈಹಾಕಬಾರದು. ಚಿಕ್ಕ ಮಕ್ಕಳನ್ನು ಈ ಹಂತದಲ್ಲಿ ದೂರವಿರಿಸಬೇಕು.

ಎಪಾಕ್ಸಿಯು ಬಿಸಿಲಿಗೆ ಹಳದಿಯಾಗಿ ಶಿಥಿಲಗೊಳ್ಳುವುದರಿಂದ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ವಾರ್ನಿಷನ್ನು ಎರಡು ಮೂರು ಪದರ ಕೊಡುವುದು ಕಡೆಯ ಕೆಲಸ. ಕಾಲು ಊರುವಲ್ಲಿ ಜಾರದಂತೆ ಒರಟು ಹಾಸನ್ನು ಅಂಟಿಸಬೇಕು.

ಒಂದು ಸಣ್ಣ ತಿರುಪು

ಟೊಳ್ಳು ಹಲಗೆಯ ಪ್ರಾಣವಿರುವುದು ಹೆಬ್ಬೆರಳ ಗಾತ್ರದ ಗಾಳಿತಿರುಪಿನಲ್ಲಿ. 25 ಡಿಗ್ರಿಯ ನೆರಳಿನಲ್ಲಿ ಮುಚ್ಚಿದ ಹಲಗೆಯು ಬಿಸಿಲಿನಲ್ಲಿ 60 ಡಿಗ್ರಿಗೆ ಕಾದರೆ ಒಳಗಿನ ಗಾಳಿಯ ಒತ್ತಡ ಸುಮಾರು ನೂರಕ್ಕೆ 12ರಷ್ಟು ಏರುತ್ತದೆ. ಕೇಳಲು ಅಲ್ಪವೆನಿಸಿದರೂ ಪ್ರತಿ ಚದರ ಮೀಟರಿಗೆ ಅದು 1.2 ಟನ್ ಭಾರಕ್ಕೆ ಸಮ. ಎರಡು ಚದರ ಮೀಟರಿನ ಮೇಲ್ಭಾಗವನ್ನು ಎರಡು ಟನ್ನಿಗೂ ಮೀರಿದ ಬಲ ಒಳಗಿನಿಂದ ತಳ್ಳುವಾಗ ಅಂಟುಗಳು ಬಿಡುವುದರಲ್ಲಿ ಆಶ್ಚರ್ಯವೇನು? ಕಾದ ಹಲಗೆಯನ್ನು ತಣ್ಣೀರಿಗೆ ಇಳಿಸಿದಾಗ ಇದರ ವಿರುದ್ಧ ನಡೆದು, ಎಲ್ಲಿ ಸಣ್ಣ ಬಿರುಕಿದೆಯೋ ಅಲ್ಲಿಂದ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ದಡದಲ್ಲಿ ತಿರುಪನ್ನು ತೆರೆದಿಡಬೇಕು, ನೀರಿಗಿಳಿಯುವ ಮುನ್ನ ಮರೆಯದೆ ಮುಚ್ಚಬೇಕು. ಪಕ್ಕೆಲುಬುಗಳಲ್ಲಿ ರಂಧ್ರವಿರದಿದ್ದರೆ ಈ ಒಂದು ತಿರುಪಿನಿಂದ ಎಲ್ಲ ಕೋಣೆಗಳಿಗೆ ಉಸಿರಾಟ ಸಿಗದೆಂಬುದು ಈಗ ಸ್ಪಷ್ಟವಾಗಿರಬಹುದು.

ಹುಟ್ಟನ್ನೂ ಮನೆಯಲ್ಲೇ ಮಾಡಬಹುದು. ತೆಳು ಪಟ್ಟಿಗಳನ್ನು ಅಂಟಿಸಿ ಕೋಲು ಮಾಡಿ, ತುದಿಗೆ ಅಗಲವಾದ ಅಲಗನ್ನು ಕೂಡಿಸಿದರಾಯಿತು. ನಿಲ್ಲುವವನ ಎತ್ತರಕ್ಕಿಂತ 20ರಿಂದ 25 ಸೆಂ.ಮೀ. ಹೆಚ್ಚು ಉದ್ದವಿರಬೇಕು. ಅಲಗು ಕೋಲಿನಿಂದ ಮುಂದಕ್ಕೆ, ಅಂದರೆ ಹಲಗೆಯ ಮೂತಿಯ ಕಡೆಗೆ ತುಸು ಬಾಗಿರಬೇಕು. ಹೊಸಬರು ಬಹುಮಟ್ಟಿಗೆ ಇದನ್ನು ತಿರುವುಮುರುವಾಗಿ ಹಿಡಿಯುತ್ತಾರೆ.

ನೀರಿಗಿಳಿಯುವ ಮುನ್ನ

ಹಲಗೆ ಎಷ್ಟೇ ಗಟ್ಟಿಯಾಗಿದ್ದರೂ ಅದರ ಮೇಲಿರುವವನ ವಿವೇಕಕ್ಕೆ ಅದು ಬದಲಿಯಾಗದು. ಈಜು ಬಾರದವರು ಮೊದಲು ಈಜು ಕಲಿಯಲಿ. ಈಜು ಬಲ್ಲವರೂ ಜೀವರಕ್ಷಕ ಅಂಗಿಯನ್ನು ತೊಡದೆ ಇಳಿಯಬಾರದು. ಸಮತಟ್ಟಾದ ನೀರಿನಲ್ಲಿ ಕಾಲಿಗೂ ಹಲಗೆಗೂ ಹಗ್ಗ ಕಟ್ಟಿಕೊಳ್ಳಬೇಕು. ಹರಿವಿರುವ ನದಿಯಲ್ಲಾದರೆ ಆ ಹಗ್ಗ ಬೇರುಬೊಡ್ಡೆಗಳಿಗೆ ಸಿಲುಕುವ ಅಪಾಯವಿರುವುದರಿಂದ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟಪಟ್ಟಿಗೆ ಅದನ್ನು ಜೋಡಿಸಬೇಕು.

ಗಾಳಿಯ ದಿಕ್ಕನ್ನು ಅರಿಯುವುದು ಇನ್ನೂ ಮುಖ್ಯ. ನಮ್ಮ ಕರಾವಳಿಯಲ್ಲಿ ಮುಂಜಾನೆ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ. ಆಗ ನೀರು ಕನ್ನಡಿಯಂತಿರುವುದರಿಂದ ಹೊಸಬರಿಗೆ ಧೈರ್ಯ ಬರುವುದು ಸಹಜ. ಆದರೆ ನಿಂತ ಮನುಷ್ಯನ ಮೈಯೇ ಹಾಯಿಯಾಗಿ, ಅರಿವಿಲ್ಲದೆ ಹಲಗೆಯು ದಡದಿಂದ ದೂರ ಸಾಗುತ್ತದೆ. ಹಾಗಾದಲ್ಲಿ ಕೂಡಲೇ ಹಲಗೆಯ ಮೇಲೆ ಕವುಚಿ ಮಲಗಿ, ಕೈಗಳಿಂದ ನೀರನ್ನು ಎಳೆಯುತ್ತ ಹಿಂದಿರುಗಬೇಕು. ಯಾವ ಸಂದರ್ಭದಲ್ಲೂ ಹಲಗೆಯನ್ನು ಬಿಟ್ಟು ಈಜಲು ಹೊರಡಬಾರದು. ನೀರಿನಲ್ಲಿ ಕಾಣುವ ತಲೆಗಿಂತ ಹಲಗೆಯು ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದೋಣಿಗಳಿಗೂ ಮೀನುಗಾರಿಕೆ ನಿಷಿದ್ಧ. ಕಡಲನ್ನೇ ನಂಬಿ ಬದುಕುವವರು ದಡದಲ್ಲಿರುವ ಆ ದಿನಗಳಲ್ಲಿ ಆಟಕ್ಕೆಂದು ಇಳಿಯುವುದು ಸಾಹಸವಲ್ಲ, ಅವಿವೇಕ.

ಕುಟುಂಬದ ಕೆಲಸ

ಇಷ್ಟೆಲ್ಲ ಶ್ರಮ ಏಕೆ, ಹಣ ಕೊಟ್ಟು ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಕೊಳ್ಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕ್ರಿಸ್ಮಸ್ ಸಮಯದಲ್ಲಿ ಅಂಗಡಿಯಿಂದ ತಂದಿಟ್ಟ ಗೋದಲಿಗೂ, ಹುಲ್ಲು, ಬಿದಿರು, ಕಾಗದ ಕೂಡಿಸಿ ಮಕ್ಕಳು ಕೈಯಾರೆ ಕಟ್ಟಿದ ಗೋದಲಿಗೂ ಇರುವ ಅಂತರವನ್ನು ನಮ್ಮ ಮನೆಗಳು ಬಲ್ಲವು. ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸದಲ್ಲಿ ತಂದೆಯೂ ಬೆಳೆದ ಮಕ್ಕಳೂ ಒಂದೇ ಮೇಜಿನ ಎರಡು ಬದಿಗೆ ನಿಲ್ಲುತ್ತಾರೆ. ಒಬ್ಬರು ಪಟ್ಟಿ ಬಾಗಿಸಿ ಹಿಡಿಯದೆ ಇನ್ನೊಬ್ಬರು ಅಂಟು ಹಾಕಲಾಗದು. ಊರಿನ ಹಿರಿಯ ಬಡಗಿಯೊಬ್ಬರನ್ನು ಕೇಳಿ ಮರದ ಎಳೆ ನೋಡುವುದನ್ನು ಕಲಿತರೆ, ಯಂತ್ರಗಳ ನಡುವೆ ಮರೆಯಾಗುತ್ತಿರುವ ಒಂದು ವಿದ್ಯೆ ಇನ್ನೊಂದು ತಲೆಮಾರಿಗೆ ದಾಟುತ್ತದೆ.

ತಾನು ಕಟ್ಟಿದ ಹಲಗೆಯ ಪ್ರತಿಯೊಂದು ಜೋಡಣೆಯನ್ನೂ ಬಲ್ಲವನು ಅದನ್ನು ಜೋಪಾನವಾಗಿ ಬಳಸುತ್ತಾನೆ. ಬಿರುಕು ಬಿಟ್ಟರೆ ಎಸೆಯದೆ ದುರಸ್ತಿ ಮಾಡುತ್ತಾನೆ. ಮೇಲಾಗಿ, 1925ರ ಆ ಜೂನ್ ದಿನದಂದು ಡ್ಯೂಕ್ ಅವರ ಕೈಯಲ್ಲಿದ್ದುದು ಒಂದು ಮರದ ಹಲಗೆ ಮಾತ್ರ ಎಂಬುದನ್ನು ಮರೆಯಲಾಗದು. ನದಿ, ಕಡಲುಗಳ ಮಗ್ಗುಲಲ್ಲಿ ಬಾಳುವ ನಮ್ಮ ಊರುಗಳಲ್ಲಿ ಗಟ್ಟಿಯಾದ ಒಂದು ತೇಲುಹಲಗೆಯೂ, ಅದನ್ನು ಬಲ್ಲ ಇಬ್ಬರು ತರುಣರೂ ಇದ್ದರೆ, ಆಪತ್ತಿನ ವೇಳೆಯಲ್ಲಿ ಅದು ಇಡೀ ಊರಿನ ಆಸ್ತಿಯಾದೀತು. ಆಸಕ್ತ ವಾಚಕರು ಬರುವ ಒಣ ಋತುವಿನಲ್ಲಿ ಕಾಗದದ ಮೇಲೆ ಮೊದಲ ಗೆರೆಯನ್ನೆಳೆಯಲಿ.